ರಸ್ತೆಬದಿಯ ವಾರಸುದಾರರಿಲ್ಲದ ವಾಹನ: ಯಾರಿಗೆ ತಿಳಿಸಬೇಕು?

ರಸ್ತೆಬದಿ ಕೇಳುವವರಿಲ್ಲದೆ ನಿಂತ ವಾಹನ ಕಂಡು ಆತಂಕವಾಗುವುದು ಸರಿಯಾದದ್ದೇ. ಜಮಖಂಡಿ ತಾಲ್ಲೂಕಿನ ಸಾವಳಗಿಯಂಥ ಕಬ್ಬಿನ ಸೀಮೆಯಲ್ಲಿ ಹಂಗಾಮು ಶುರುವಾದರೆ ಟ್ರ್ಯಾಕ್ಟರ್, ಟ್ರೇಲರ್ ರಸ್ತೆಬದಿ ನಿಲ್ಲುವುದು ಸಾಮಾನ್ಯ. ನಿಂತದ್ದೆಲ್ಲ ಬಿಟ್ಟುಹೋದ ವಾಹನವಲ್ಲ. ಆದರೆ ಗಾಳಿ ಹೋದ ಟೈರು, ಒಡೆದ ಗಾಜು, ಕಿತ್ತ ನಂಬರ್ ಪ್ಲೇಟು, ಗಾಲಿಯ ಸುತ್ತ ಬೆಳೆದ ಹುಲ್ಲು ಕಂಡರೆ ಸಂಶಯಪಡಿ. ನಂಬರ್ ಪ್ಲೇಟು ಇದ್ದು ಅದರಲ್ಲಿ ಕೆಎ-48 ಎಂದಿದ್ದರೆ ಅದು ಜಮಖಂಡಿಯಲ್ಲೇ ನೋಂದಣಿಯಾದ ಗಾಡಿ. ಎಂ-ಪರಿವಾಹನ್ ಆ್ಯಪ್‌ನಲ್ಲಿ ಸಂಖ್ಯೆ ಹಾಕಿದರೆ ವಿಮೆ, ನೋಂದಣಿಯ ಸ್ಥಿತಿ ತಿಳಿಯುತ್ತದೆ.

ದಯವಿಟ್ಟು ಬಾಗಿಲು ತೆಗೆಯಬೇಡಿ, ತಳ್ಳಬೇಡಿ. ಅದು ಕಳವಿನ ಗಾಡಿ ಇರಬಹುದು. ಅಪರಾಧದ ಸಾಕ್ಷ್ಯವೂ ಇರಬಹುದು. ದೂರದಿಂದ ಫೋಟೊ ತೆಗೆದು, ಬಣ್ಣ, ಸಂಖ್ಯೆ, ಜಾಗದ ಗುರುತು, ಎಂದಿನಿಂದ ನಿಂತಿದೆ ಎಂಬುದನ್ನು ಬರೆದು ಪೊಲೀಸ್ ಠಾಣೆಗೆ ಕೊಡಿ, ಸ್ವೀಕೃತಿ ಪಡೆಯಿರಿ. ಓಣಿಯೊಳಗಿದ್ದರೆ ಗ್ರಾಮ ಪಂಚಾಯಿತಿಗೂ ಒಂದು ಪ್ರತಿ ಇರಲಿ.

1988ರ ಮೋಟಾರು ವಾಹನ ಕಾಯ್ದೆಯ 127ನೇ ಕಲಮಿನಂತೆ, ಸಾರ್ವಜನಿಕ ಸ್ಥಳದಲ್ಲಿ 10 ಗಂಟೆ ಅಥವಾ ಹೆಚ್ಚು ಕಾಲ ಕೇಳುವವರಿಲ್ಲದೆ ನಿಂತ ವಾಹನವನ್ನು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಎಳೆಸಬಹುದು. ವೆಚ್ಚ ಮಾಲೀಕನ ಮೇಲೆ.

ತಿರುವಿನಲ್ಲಿ, ಕತ್ತಲಲ್ಲಿ ದೀಪವಿಲ್ಲದ ಟ್ರೇಲರ್ ನಿಂತಿದ್ದರೆ ಅರ್ಜಿ ಬರೆಯುತ್ತ ಕೂರಬೇಡಿ. ಕೂಡಲೇ 112ಕ್ಕೆ ಕರೆ ಮಾಡಿ.