ಕಲ್ಲು ಒಣಗಲಿ, ತಡಿ

ನೋಡವ್ವಾ, ಕೃಷ್ಣೆಯ ದಂಡೆಯಿಂದ ಚೀಲದ ತುಂಬ ಅಗೇಟ್ ಕಲ್ಲು ತಂದಿದ್ದೀಯ, ಎಲ್ಲಕ್ಕೂ ನಾನೇ ಬೆಳ್ಳಿ ಕಟ್ಟುತ್ತೇನೆ ಎನ್ನುತ್ತೀಯ. ಸಂತೋಷ. ಆದರೆ ನೀರಿನಲ್ಲಿದ್ದಾಗ ಎಲ್ಲ ಕಲ್ಲೂ ರತ್ನವೇ. ನೆನೆದ ಕಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಒಣಗುವ ತನಕ ನೋಡು. ಮೈಯೆಲ್ಲ ಒಣಗಿದ ಮೇಲೂ ಕೂದಲೆಳೆಯಷ್ಟು ಗೆರೆ ಕಪ್ಪಗೆ ಉಳಿಯಿತೋ, ಅಲ್ಲಿ ಬಿರುಕಿದೆ. ಅದರೊಳಗಿನ ನೀರು ಇನ್ನೂ ಆರಿಲ್ಲ. ಅಂಥ ಕಲ್ಲು ಅರೆಯುವ ಗಾಲಿಗೆ ಕೊಟ್ಟಾಗ ಎರಡಾಗುತ್ತದೆ. ಚಾಕುವಿನ ಮೊನೆಯಿಂದಲೂ ಗೀರಿ ನೋಡು. ಗೀರು ಬಿದ್ದರೆ ಸುಣ್ಣಕಲ್ಲಿನ ಜಾತಿ ಇರಬಹುದು, ಒಡವೆಗೆ ಬಾಳಿಕೆ ಬರದು. ಅಗೇಟ್ ಬೆಣಚುಕಲ್ಲಿನ ಬಳಗದ್ದು, ಮೋಸ್ ಅಳತೆಯಲ್ಲಿ ಗಡಸುತನ 7ರ ಆಸುಪಾಸು, ಚಾಕುವೇ ಸವೆಯುತ್ತದೆ.

ಕಲ್ಲು ಆಯಲು ಹುಣಸಗಿ ಕಡೆ ಹೋದಾಗ ಮಾತ್ರ ಹುಷಾರು. ಅಂಚು ಚೂಪಾದ ಚಕ್ಕೆ ಕಂಡರೆ ಅದು ಶಿಲಾಯುಗದವರು ಕೆತ್ತಿದ ಹತಾರ ಇದ್ದೀತು. ಇದ್ದಲ್ಲೇ ಬಿಡು.

ಇನ್ನು ಕೊಯ್ಯುವ ಮಾತು. ಇದರಲ್ಲಿ ನಾನು ಚೌಕಾಸಿಗೆ ಒಪ್ಪುವವನಲ್ಲ: ಗಾಲಿಯ ಮೇಲೆ ನೀರು ಹರಿಯುತ್ತಿರದಿದ್ದರೆ ಕಲ್ಲು ಮುಟ್ಟಬೇಡ. ಗುಜರಾತಿನ ಖಂಭಾತ್‌ನಲ್ಲಿ ಅಗೇಟ್ ಅರೆದು ಬದುಕಿದ ಎಷ್ಟೋ ಜನರ ಶ್ವಾಸಕೋಶವನ್ನು ಒಣಗಲ್ಲು ಅರೆದಾಗ ಏಳುವ ಬಿಳಿ ದೂಳೇ ತಿಂದಿದೆ. ಆ ದೂಳಿನ ರೋಗ, ಸಿಲಿಕೋಸಿಸ್, ಬಂದರೆ ವಾಸಿಯಾಗುವುದಿಲ್ಲ. ಮೂಗಿಗೆ ಕಟ್ಟಿದ ಕರವಸ್ತ್ರ ಆ ದೂಳನ್ನು ತಡೆಯದು.

ಕಡ್ಡಿಯ ತುದಿಗೆ ಅರಗಿನಿಂದ ಕಲ್ಲನ್ನು ಅಂಟಿಸಿ ಅರೆಯುವಾಗ ಬುಡ ಅಗಲ, ತಲೆ ಕಿರಿದು ಇರಲಿ. ಆ ಇಳಿಜಾರಿದ್ದರೇನೇ ಬೆಳ್ಳಿಪಟ್ಟಿ ಕಲ್ಲನ್ನು ಹಿಡಿಯುವುದು. ಪಟ್ಟಿಗೆ ಅಪ್ಪಟ ಬೆಳ್ಳಿ ತಗೋ, ಮೆತ್ತಗೆ ಬಾಗುತ್ತದೆ; ತಳದ ತಗಡಿಗೆ ತಾಮ್ರ ಬೆರೆತ 925 ಬೆಳ್ಳಿ ಸಾಕು. ಬಿಳಿಗಾರ ಹಚ್ಚುವುದು, ಬೆಸುಗೆ, ಹುಣಸೆಹುಳಿಯಲ್ಲಿ ತೊಳೆಯುವುದು, ಎಲ್ಲ ಮುಗಿದ ಮೇಲೆಯೇ ಕಲ್ಲು. ಕಲ್ಲಿಟ್ಟು ಬೆಂಕಿ ತೋರಿಸಿದರೆ ಸೀಳುತ್ತದೆ.

ಪಟ್ಟಿಯೊಳಗೆ ಕಲ್ಲಿಟ್ಟು ಅಳತೆ ನೋಡುವಾಗ ಅದರಡಿ ಒಂದು ದಾರ ಹಾಕಿಕೋ. ಇಲ್ಲದಿದ್ದರೆ ಬಿಗಿಯಾಗಿ ಕೂತದ್ದನ್ನು ಎಬ್ಬಿಸಲು ಪಟ್ಟಿಯನ್ನೇ ಹರಿಯಬೇಕಾದೀತು. ಕೂರಿಸುವಾಗ ಅಂಚನ್ನು ಸುತ್ತಲೂ ಒಂದೇ ಸಮ ಒತ್ತುತ್ತ ಹೋಗಬೇಡ, ಬೆಳ್ಳಿಯೆಲ್ಲ ಕೊನೆಯಲ್ಲಿ ಉಬ್ಬಿ ನಿಲ್ಲುತ್ತದೆ. ಈಚೆ ಒಂದು ಸಲ, ಎದುರಿಗೆ ಒಂದು ಸಲ ಒತ್ತು.

ಮತ್ತೆ, ಮೊದಲಿಗೇ ಉಂಗುರಕ್ಕೆ ಕೈ ಹಾಕಬೇಡ. ಅದು ದಿನಾ ಬಾಗಿಲಿಗೂ ಪಾತ್ರೆಗೂ ತಾಗುತ್ತಿರುತ್ತದೆ. ಒಂದು ಪದಕ ಮಾಡಿ ತಂದು ತೋರಿಸು; ಉಂಗುರದ ಮಾತು ಆಮೇಲೆ.