ಛಾಯಾಚಿತ್ರ ಸಂಗ್ರಹವೂ ತಂತ್ರಾಂಶದ ಆಯ್ಕೆಯೂ

(ಮುಖ್ಯೋಪಾಧ್ಯಾಯರು, ಬಿ.ಎ., ಬಿ.ಟಿ.)



ಕಳೆದ ಮಳೆಗಾಲದಲ್ಲೊಂದು ದಿನ ವಯೋವೃದ್ಧೆಯಾದ ಓರ್ವ ತಾಯಿ ಮೊಮ್ಮಗಳ ಕೈಹಿಡಿದುಕೊಂಡು ನಮ್ಮ ಶಾಲೆಗೆ ಬಂದರು. ಅವರ ದಿವಂಗತ ಪತಿ ಬಹುಕಾಲದ ಹಿಂದೆ ಇಲ್ಲಿಯೇ ಅಧ್ಯಾಪಕರಾಗಿದ್ದವರು. “ಮಾಷ್ಟ್ರೇ, ಇವಳ ಅಜ್ಜನ ಒಂದು ಪಟ ಇಲ್ಲಿ ಉಂಟೋ? ಮನೆಯಲ್ಲಿದ್ದದ್ದು ನೀರು ಬಿದ್ದು ಹಾಳಾಯಿತು” ಎಂದು ಕೇಳಿದರು. ಉಂಟೆಂದು ನಾನು ಧೈರ್ಯದಿಂದಲೇ ಉತ್ತರವಿತ್ತೆನು. ನಮ್ಮ ಕಛೇರಿಯ ಕಂಪ್ಯೂಟರಿನಲ್ಲಿ ಹಳೆಯ ಆಲ್ಬಮುಗಳಿಂದ ಸ್ಕ್ಯಾನ್ ಮಾಡಿದವು, ಅಧ್ಯಾಪಕರ ಮೊಬೈಲುಗಳಿಂದ ಬಂದವು, ವಾರ್ಷಿಕೋತ್ಸವದ ಛಾಯಾಗ್ರಾಹಕರು ಕೊಟ್ಟವು ಎಲ್ಲ ಸೇರಿ ಸುಮಾರು 18,000 ಚಿತ್ರಗಳಿದ್ದುವು.

ಹುಡುಕತೊಡಗಿದ ಮೇಲೆ ನನ್ನ ಧೈರ್ಯವು ಕುಗ್ಗಿತು. ‘ಹೊಸತು’, ‘ಹೊಸತು 2’, ‘ಶಾಲೆ ಫೋಟೋ’, ‘ಇತರ’ ಎಂಬ ಹೆಸರಿನ ಫೋಲ್ಡರುಗಳಲ್ಲಿ ಮೂರು ದಿನ ಅಲೆದದ್ದಾಯಿತು. ನಾಲ್ಕನೆಯ ದಿನ 22 ಮಂದಿಯ ಒಂದು ಹಳೆಯ ಸಮೂಹಚಿತ್ರವನ್ನು ಆ ತಾಯಿಗೆ ತೋರಿಸಿದಾಗ ಅವರು ಕ್ಷಣವೂ ತಡೆಯದೆ ಎರಡನೆಯ ಸಾಲಿನ ಒಬ್ಬರ ಮೇಲೆ ಬೆರಳಿಟ್ಟರು. ಮತ್ತೆ ಆರು ಮಂದಿಯ ಹೆಸರುಗಳನ್ನೂ ಹೇಳಿದರು. ಉಳಿದ 15 ಮಂದಿ ಯಾರೆಂದು ಹೇಳಬಲ್ಲವರು ಇಂದಿನವರೆಗೂ ನನಗೆ ದೊರೆತಿಲ್ಲ.

ಚಿತ್ರವು ನಮ್ಮಲ್ಲಿತ್ತು, ಹೆಸರು ಮಾತ್ರ ಇರಲಿಲ್ಲ. ಆ ದಿನದ ನಾಚಿಕೆಯೇ ಈ ಪಾಠಕ್ಕೆ ಕಾರಣ. ಇಂದು ಮನೆಮನೆಯಲ್ಲಿಯೂ ಮೊಬೈಲು ತುಂಬ ಚಿತ್ರಗಳಿರುವುದರಿಂದ ಇದು ಶಾಲೆಯೊಂದರ ಸಂಕಟವಲ್ಲ.

1. ಸಂಗ್ರಹವೇ ವ್ಯವಸ್ಥೆಯಲ್ಲ

ರಾಶಿ ಹಾಕಿದ ಮಾತ್ರಕ್ಕೆ ವ್ಯವಸ್ಥೆಯಾಯಿತೆಂದು ತಿಳಿಯಕೂಡದು. ಪುಸ್ತಕಗಳ ವಿಷಯದಲ್ಲಿ ಇದನ್ನು ಜಗತ್ತಿಗೆ ಮನಗಾಣಿಸಿದವರಲ್ಲಿ ಡಾ. ಎಸ್. ಆರ್. ರಂಗನಾಥನ್ ಅವರು ಪ್ರಮುಖರು. 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಅವರು 1933ರಲ್ಲಿ ತಮ್ಮ ‘ಕೋಲನ್’ ವರ್ಗೀಕರಣ ಪದ್ಧತಿಯನ್ನು ಪ್ರಕಟಿಸಿದರು. ಆಗ ನಮ್ಮ ಕಾಸರಗೋಡು ಸೀಮೆಯೂ ಮದ್ರಾಸು ಪ್ರಾಂತಕ್ಕೆ ಸೇರಿದ್ದಿತು. ಒಂದು ಗ್ರಂಥಕ್ಕೆ ಒಂದೇ ಮುಖವಲ್ಲ, ದೇಶ ಕಾಲಗಳೇ ಮೊದಲಾದ ಹಲವು ಮುಖಗಳಿರುತ್ತವೆ. ಅವನ್ನು ಬೇರೆಬೇರೆಯಾಗಿ ಗುರುತಿಸಿ ಜೋಡಿಸಬೇಕೆಂಬುದು ಆ ಪದ್ಧತಿಯ ತಿರುಳು.

ಛಾಯಾಚಿತ್ರಕ್ಕೂ ಈ ಮಾತು ಸಲ್ಲುತ್ತದೆ. 2019ರ ಆಗಸ್ಟ್ 15ರಂದು ನಿವೃತ್ತ ಅಧ್ಯಾಪಕರೊಬ್ಬರು ಧ್ವಜಾರೋಹಣ ಮಾಡಿದ ಚಿತ್ರವಿದೆಯೆನ್ನೋಣ. ಅದನ್ನು ‘2019’ ಎಂಬ ಫೋಲ್ಡರಿನಲ್ಲಿಡಬೇಕೋ, ‘ಸ್ವಾತಂತ್ರ್ಯೋತ್ಸವ’ದಲ್ಲಿಯೋ, ‘ಅಧ್ಯಾಪಕರು’ ಎಂಬುದರಲ್ಲಿಯೋ? ಮೂರು ಕಡೆಯೂ ನಕಲು ಮಾಡಿಟ್ಟರೆ ಒಂದು ಚಿತ್ರವು ಮೂರಾಗಿ ರಾಶಿಯು ಬೆಳೆಯುತ್ತದೆಯೇ ಹೊರತು ಹುಡುಕಾಟವು ಕಡಮೆಯಾಗದು. ಆದುದರಿಂದ ಫೋಲ್ಡರನ್ನು ಕಾಲಕ್ಕೆ ಮಾತ್ರ ಮೀಸಲಿಟ್ಟು, ‘2019-08-15 ಸ್ವಾತಂತ್ರ್ಯೋತ್ಸವ’ ಎಂಬಂತೆ ವರ್ಷ, ತಿಂಗಳು, ದಿನಗಳ ಕ್ರಮದಲ್ಲಿ ಹೆಸರಿಡಬೇಕು. ಹೀಗಿಟ್ಟರೆ ಕಂಪ್ಯೂಟರು ತಾನಾಗಿಯೇ ಅವುಗಳನ್ನು ಕಾಲಾನುಕ್ರಮದಲ್ಲಿ ನಿಲ್ಲಿಸುತ್ತದೆ. ವ್ಯಕ್ತಿ, ಸ್ಥಳ, ಸಂದರ್ಭಗಳನ್ನು ಗುರುತು-ಪದಗಳಾಗಿ, ಅಂದರೆ ‘ಟ್ಯಾಗ್’ಗಳಾಗಿ ಸೇರಿಸಬೇಕು. ಒಂದು ಚಿತ್ರಕ್ಕೆ ಫೋಲ್ಡರು ಒಂದೇ. ಟ್ಯಾಗ್‌ಗಳು ಎಷ್ಟಾದರೂ ಇರಬಹುದು. ತಂತ್ರಾಂಶವು ಬೇಕಾಗುವುದು ಈ ಎರಡನೆಯ ಕೆಲಸಕ್ಕೇ.

2. ಚಿತ್ರದ ಬೆನ್ನು ಮತ್ತು ಖಾತೆಪುಸ್ತಕ

ಹಿಂದೆ ಹಿರಿಯರು ಪಟದ ಬೆನ್ನಿಗೆ ಪೆನ್ಸಿಲಿನಿಂದ ಹೆಸರು ಬರೆದಿಡುತ್ತಿದ್ದರಷ್ಟೆ. ಡಿಜಿಟಲ್ ಚಿತ್ರಕ್ಕೂ ಅಂಥದೊಂದು ಬೆನ್ನು ಉಂಟು. ಚಿತ್ರದ ಕಡತದೊಳಗೆಯೇ ವಿವರಗಳನ್ನು ಬರೆಯಲು ಸ್ಥಳವಿದೆ. ಅದಕ್ಕೆ ಮೆಟಾಡೇಟಾ ಎನ್ನುತ್ತಾರೆ. ತೆಗೆದ ದಿನಾಂಕ, ಕ್ಯಾಮೆರಾದ ಹೆಸರು ಮುಂತಾದವನ್ನು ಕ್ಯಾಮೆರಾ ತಾನೇ ಬರೆಯುವ ಕ್ರಮಕ್ಕೆ ಎಕ್ಸಿಫ್ ಎಂದು ಹೆಸರು. ಇದು 1995ರಲ್ಲಿ ಜಪಾನಿನಲ್ಲಿ ರೂಪುಗೊಂಡಿತು. ಶೀರ್ಷಿಕೆ, ವ್ಯಕ್ತಿನಾಮ, ಸ್ಥಳಗಳನ್ನು ಬರೆಯಲು ಸುದ್ದಿಸಂಸ್ಥೆಗಳ ಕೂಟವು ರೂಪಿಸಿದ ಐ.ಪಿ.ಟಿ.ಸಿ. ಕ್ರಮವೂ, ಅಡೋಬಿ ಸಂಸ್ಥೆಯು 2001ರಲ್ಲಿ ಹೊರತಂದು 2012ರಲ್ಲಿ ಅಂತಾರಾಷ್ಟ್ರೀಯ ಮಾನಕವಾದ ಎಕ್ಸ್.ಎಂ.ಪಿ. ಕ್ರಮವೂ ಇವೆ.

ಇದಕ್ಕೆ ಬದಲಾಗಿ ತಂತ್ರಾಂಶವು ವಿವರಗಳನ್ನು ತನ್ನದೇ ಖಾತೆಪುಸ್ತಕದಲ್ಲಿ, ಎಂದರೆ ಡೇಟಾಬೇಸಿನಲ್ಲಿ, ಬರೆದುಕೊಳ್ಳುವುದೂ ಉಂಟು. ಬೇಗನೆ ಹುಡುಕುವುದಕ್ಕೆ ಖಾತೆಪುಸ್ತಕವು ಅವಶ್ಯವೇ. ಆದರೆ ವಿವರವು ಅಲ್ಲಿ ಮಾತ್ರ ಇದ್ದರೆ, ಆ ಪುಸ್ತಕವು ಹೋದ ದಿನ ಹೆಸರುಗಳೂ ಹೋದಂತೆಯೇ.

ಇದಕ್ಕೊಂದು ನಿದರ್ಶನವನ್ನು ನೋಡೋಣ. ಗೂಗಲ್ ಸಂಸ್ಥೆಯು ಉಚಿತವಾಗಿ ಕೊಡುತ್ತಿದ್ದ ಪಿಕಾಸಾ ಎಂಬ ತಂತ್ರಾಂಶವು ಬಹು ಜನಪ್ರಿಯವಾಗಿದ್ದಿತು. 2016ರ ಮಾರ್ಚಿಯಲ್ಲಿ ಸಂಸ್ಥೆಯು ಅದನ್ನು ನಿಲ್ಲಿಸಿತು. ಪಿಕಾಸಾದಲ್ಲಿ ಚಿತ್ರಕ್ಕೆ ಬರೆದ ಅಡಿಬರಹವು ಕಡತದೊಳಗೆಯೇ ಸೇರುತ್ತಿದ್ದುದರಿಂದ ಅದು ಉಳಿಯಿತು. ಮುಖಗಳಿಗೆ ಕೊಟ್ಟ ಹೆಸರುಗಳಾದರೋ, ಚಿತ್ರದಲ್ಲಿಯೇ ಬರೆಯಬೇಕೆಂದು ಬಳಕೆದಾರರು ಸೂಚಿಸದಿದ್ದಲ್ಲಿ, ಪಿಕಾಸಾದ ಸ್ವಂತ ದಾಖಲೆಗಳಲ್ಲಿಯೇ ಇದ್ದುವು. ಚಿತ್ರಗಳನ್ನು ಮಾತ್ರ ಬೇರೆಡೆಗೆ ಸಾಗಿಸಿದವರು ಸಾವಿರಾರು ಮುಖಗಳಿಗೆ ಹೆಸರಿಟ್ಟ ಶ್ರಮವನ್ನು ಕಳೆದುಕೊಂಡರು. ತಂತ್ರಾಂಶಗಳಿಗೂ ಆಯುಸ್ಸುಂಟು, ನಮ್ಮ ನೆನಪುಗಳ ಆಯುಸ್ಸನ್ನು ಅವುಗಳಿಗೆ ಕಟ್ಟಿಹಾಕಬಾರದು.

3. ಕೇಳತಕ್ಕ ಐದು ಪ್ರಶ್ನೆಗಳು

ತಂತ್ರಾಂಶವನ್ನು ಆರಿಸುವಾಗ ಅದರ ಅಂದಚಂದಗಳಿಗಿಂತ ಮೊದಲು ಈ ಪ್ರಶ್ನೆಗಳನ್ನು ವಿಚಾರಿಸತಕ್ಕದ್ದು:

(ಅ) ನಾನು ಬರೆದ ಹೆಸರನ್ನು ಇದು ಚಿತ್ರದ ಕಡತದೊಳಗೆ ಬರೆಯುತ್ತದೆಯೆ?
(ಆ) ನನ್ನ ಫೋಲ್ಡರುಗಳನ್ನು ಇದ್ದಂತೆಯೇ ಬಿಡುತ್ತದೆಯೆ?
(ಇ) ಕನ್ನಡದಲ್ಲಿ ಬರೆದುದನ್ನು ಕನ್ನಡದಲ್ಲಿಯೇ ಹುಡುಕಿಕೊಡುತ್ತದೆಯೆ?
(ಈ) ಒಂದೇ ಚಿತ್ರದ ನಕಲುಗಳನ್ನು ಪತ್ತೆಹಚ್ಚುತ್ತದೆಯೆ?
(ಉ) ಹಣ ಕೊಡುವುದನ್ನು ನಿಲ್ಲಿಸಿದರೆ ನನ್ನ ಶ್ರಮದ ಗತಿಯೇನು?

ಮೊದಲನೆಯ ಪ್ರಶ್ನೆಗೆ ಉತ್ತರವನ್ನು ಜಾಹೀರಾತಿನಿಂದ ತಿಳಿಯಬೇಕಾಗಿಲ್ಲ, ಪ್ರಯೋಗದಿಂದಲೇ ತಿಳಿಯಬಹುದು. ಒಂದು ಚಿತ್ರಕ್ಕೆ ಕನ್ನಡದಲ್ಲಿ ಹೆಸರು ಬರೆಯಿರಿ. ಆ ಚಿತ್ರವನ್ನು ಮಾತ್ರ ಪೆನ್‌ಡ್ರೈವಿನಲ್ಲಿ ಬೇರೊಂದು ಕಂಪ್ಯೂಟರಿಗೆ ಒಯ್ದು ಬೇರೊಂದು ತಂತ್ರಾಂಶದಲ್ಲಿ ತೆರೆಯಿರಿ. ಹೆಸರು ಕಂಡರೆ ಉತ್ತೀರ್ಣ; ಕಾಣದಿದ್ದರೆ ಅನುತ್ತೀರ್ಣ.

4. ಬಳಕೆಯಲ್ಲಿರುವ ಕೆಲವು ತಂತ್ರಾಂಶಗಳು

ಗೂಗಲ್ ಫೋಟೋಸ್ ಬಹುಮಂದಿಯ ಮೊಬೈಲಿನಲ್ಲಿದೆ. ಬಳಸಲು ಸುಲಭ, ಮುಖಗಳನ್ನು ತಾನೇ ಗುಂಪುಗೂಡಿಸುತ್ತದೆ. ಆದರೆ 2021ರ ಜೂನ್ 1ರಿಂದ ಅದರ ಅಮಿತವಾದ ಉಚಿತ ಸಂಗ್ರಹವು ನಿಂತಿದೆ. ಅಂಚೆ ಮೊದಲಾದವುಗಳಿಗೂ ಸೇರಿ ಉಚಿತವಾಗಿ ದೊರೆಯುವುದು 15 ಜಿ.ಬಿ. ಮಾತ್ರ. ಒಂದು ಚಿತ್ರಕ್ಕೆ 4 ಎಂ.ಬಿ.ಯಂತೆ ಹಿಡಿದರೆ ಅದರಲ್ಲಿ 3,840 ಚಿತ್ರಗಳು ಹಿಡಿಯುತ್ತವೆ. ನಮ್ಮ 18,000 ಚಿತ್ರಗಳಿಗಾದರೋ 70 ಜಿ.ಬಿ.ಗೂ ಮಿಕ್ಕಿ ಬೇಕು. ಅಲ್ಲದೆ, ಅಲ್ಲಿಂದ ಎಲ್ಲ ಚಿತ್ರಗಳನ್ನೂ ಹಿಂದಕ್ಕೆ ಪಡೆಯುವಾಗ ನಾವು ಅಲ್ಲಿ ಬರೆದ ವಿವರಣೆಗಳು ಪ್ರತ್ಯೇಕ ಕಡತಗಳಲ್ಲಿ ಬರುತ್ತವೆ.

ಅಡೋಬಿಯ ಲೈಟ್‌ರೂಮ್ ಕ್ಲಾಸಿಕ್ ವೃತ್ತಿನಿರತ ಛಾಯಾಗ್ರಾಹಕರ ಮೆಚ್ಚಿನ ಸಾಧನ. ಹೇಳಿದರೆ ವಿವರಗಳನ್ನು ಚಿತ್ರದಲ್ಲಿಯೂ ಬರೆಯುತ್ತದೆ. ಆದರೆ ಬಾಡಿಗೆಯಂತೆ ಚಂದಾ ಕೊಡುತ್ತಲೇ ಇರಬೇಕು. ಚಾರಿಟೇಬಲ್ ಸಂಘದ ಶಾಲೆಗೆ ಇದು ಭಾರವೇ ಸರಿ.

ಎಕ್ಸ್‌ಎನ್‌ವ್ಯೂ ಎಂ.ಪಿ. ಎಂಬುದು ಮನೆಬಳಕೆಗೂ ಶಿಕ್ಷಣ ಸಂಸ್ಥೆಗಳಿಗೂ ಉಚಿತ. ಸಾಮಾನ್ಯ ಕಂಪ್ಯೂಟರಿನಲ್ಲಿಯೂ ಚುರುಕಾಗಿ ಕೆಲಸ ಮಾಡುತ್ತದೆ. ಸಾವಿರಾರು ಚಿತ್ರಗಳ ಹೆಸರನ್ನು ಒಟ್ಟಿಗೆ ಬದಲಿಸುವುದಕ್ಕೆ ಇದು ಬಹಳ ಉಪಯುಕ್ತ.

ಡಿಜಿಕ್ಯಾಮ್ ಎಂಬುದು ಸ್ವತಂತ್ರ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ನಡೆಯುತ್ತದೆ. ಕೇರಳದ ಶಾಲೆಗಳಲ್ಲಿ ‘ಕೈಟ್’ ಸಂಸ್ಥೆಯು ಲಿನಕ್ಸ್ ವ್ಯವಸ್ಥೆಯನ್ನೇ ಒದಗಿಸಿರುವುದರಿಂದ ನಮಗಿದು ಅನುಕೂಲ. ಮುಖ ಗುರುತಿಸುವುದು, ಒಂದನ್ನೊಂದು ಹೋಲುವ ಚಿತ್ರಗಳನ್ನು ಹುಡುಕುವುದು, ಟ್ಯಾಗ್‌ಗಳನ್ನು ಮರದ ಕೊಂಬೆಗಳಂತೆ ಜೋಡಿಸುವುದು ಎಲ್ಲವೂ ಇದರಲ್ಲಿ ಸಾಧ್ಯ; ಈ ಕೆಲಸಗಳು ನಮ್ಮ ಕಂಪ್ಯೂಟರಿನಲ್ಲಿಯೇ ನಡೆಯುತ್ತವೆ. ದೋಷವಿಲ್ಲವೆಂದಲ್ಲ: ಹಳೆಯ ಯಂತ್ರಗಳಲ್ಲಿ ನಿಧಾನ, ಆಯ್ಕೆಗಳು ಅನೇಕವಾದುದರಿಂದ ಕಲಿಯಲು ಒಂದೆರಡು ವಾರ ಬೇಕು. ವಿವರಗಳನ್ನು ಚಿತ್ರದೊಳಗೆ ಬರೆಯಬೇಕೆಂಬ ಆಯ್ಕೆಯನ್ನು ಮೊದಲ ದಿನವೇ ನೋಡಿ ಗುರುತು ಹಾಕಿಕೊಳ್ಳಬೇಕು. ಇವೆಲ್ಲವನ್ನೂ ತೂಗಿ ನೋಡಿ ನಾವು ಶಾಲೆಗೆ ಡಿಜಿಕ್ಯಾಮನ್ನೇ ಆರಿಸಿಕೊಂಡೆವು. ಮೊಬೈಲು ಮಾತ್ರವಿರುವ ಮನೆಯವರು ಗೂಗಲ್ ಫೋಟೋಸನ್ನು ಬಳಸುವುದರಲ್ಲಿ ತಪ್ಪಿಲ್ಲ. ಮುಖ್ಯವಾದ ಚಿತ್ರಗಳ ಪ್ರತಿಯೊಂದು ಬೇರೆ ಕಡೆಯೂ ಇರಲಿ.

5. ನಮ್ಮ ಗಡಿನಾಡಿನ ತೊಡಕುಗಳು

ಇಲ್ಲಿ ಒಂದು ಊರಿಗೆ ಎರಡು ಹೆಸರುಗಳಿರುವುದು ವಾಡಿಕೆ. ನಮ್ಮ ಕುಂಬಳೆ ಮಲೆಯಾಳದಲ್ಲಿ ಕುಂಬಳ. ನಮ್ಮ ಮಂಜೇಶ್ವರ ಅಲ್ಲಿ ಮಂಜೇಶ್ವರಂ. ಒಬ್ಬರು ಒಂದು ಬಗೆಯಲ್ಲಿ, ಇನ್ನೊಬ್ಬರು ಇನ್ನೊಂದು ಬಗೆಯಲ್ಲಿ, ಮತ್ತೊಬ್ಬರು ಇಂಗ್ಲಿಷಿನಲ್ಲಿ ಬರೆದರೆ ಒಂದೇ ಊರಿನ ಚಿತ್ರಗಳು ಮೂರು ಪಾಲಾಗುತ್ತವೆ. ಆದುದರಿಂದ ಕೆಲಸಕ್ಕೆ ಮೊದಲು ಊರುಗಳ, ಉತ್ಸವಗಳ, ವ್ಯಕ್ತಿಗಳ ಹೆಸರುಗಳ ಒಂದು ಪಟ್ಟಿಯನ್ನು ಮಾಡಿ ಎಲ್ಲರೂ ಅದನ್ನೇ ಅನುಸರಿಸಬೇಕು.

ಕನ್ನಡವನ್ನು ಯೂನಿಕೋಡಿನಲ್ಲಿಯೇ ಟೈಪು ಮಾಡಬೇಕು. ಹಳೆಯ ಅಕ್ಷರಶೈಲಿಗಳಲ್ಲಿ ಬರೆದದ್ದು ಆ ಅಕ್ಷರಶೈಲಿ ಇಲ್ಲದೆಡೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ.

ವಾಟ್ಸಾಪಿನಲ್ಲಿ ಚಿತ್ರವಾಗಿ ಕಳುಹಿಸಿದರೆ ಅದರ ಗಾತ್ರವು ಕುಗ್ಗುವುದಲ್ಲದೆ ಬೆನ್ನಿನ ಬರಹವೂ ಅಳಿಸಿಹೋಗುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳುಹಿಸಿದರೆ ಇದ್ದಂತೆಯೇ ತಲುಪುತ್ತದೆ. ಸ್ಕ್ಯಾನ್ ಮಾಡಿದ ಹಳೆಯ ಪಟಕ್ಕೆ ಯಂತ್ರವು ಸ್ಕ್ಯಾನ್ ಮಾಡಿದ ದಿನವನ್ನೇ ಬರೆಯುತ್ತದೆ. ಅದನ್ನು ತಿದ್ದದಿದ್ದರೆ 1962ರ ವಾರ್ಷಿಕೋತ್ಸವವು ಈ ವರ್ಷದ ಚಿತ್ರಗಳ ನಡುವೆ ಹೋಗಿ ಕುಳಿತೀತು! ನಿಶ್ಚಿತವಾದ ದಿನಾಂಕವು ತಿಳಿಯದಿದ್ದರೆ ಅಡಿಬರಹದಲ್ಲಿ ‘ಸುಮಾರು 1962’ ಎಂದು ಬರೆಯುವುದು ಪ್ರಾಮಾಣಿಕ ಕ್ರಮ.

6. ರಕ್ಷಣೆ ಮತ್ತು ಮರ್ಯಾದೆ

ನಕಲುಗಳನ್ನು ಅಳಿಸುವ ಮೊದಲು ಇಡಿಯ ಸಂಗ್ರಹದ ಪ್ರತಿಯನ್ನು ತೆಗೆದಿಡಬೇಕು. ಯಂತ್ರವು ‘ಹೋಲುತ್ತದೆ’ ಎಂದ ಎರಡು ಚಿತ್ರಗಳಲ್ಲಿ ಒಂದರಲ್ಲಿ ಮಗುವು ಕಣ್ಣು ತೆರೆದಿರಬಹುದು, ಇನ್ನೊಂದರಲ್ಲಿ ಮುಚ್ಚಿರಬಹುದು. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಅವರು ಪ್ರಚುರಪಡಿಸಿದ 3-2-1 ಎಂಬ ಸೂತ್ರವು ನೆನಪಿಡತಕ್ಕದ್ದು: ಪ್ರತಿಗಳು ಮೂರು, ಇಡುವ ಸಾಧನಗಳು ಎರಡು ಬಗೆ, ಒಂದು ಪ್ರತಿ ಬೇರೆ ಸ್ಥಳದಲ್ಲಿ.

ಮಕ್ಕಳ ಚಿತ್ರಗಳ ವಿಷಯದಲ್ಲಿ ವಿಶೇಷ ಎಚ್ಚರವು ಬೇಕು. ನಮ್ಮ ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು 18 ವರ್ಷ ತುಂಬದವರನ್ನು ಮಕ್ಕಳೆಂದೇ ಎಣಿಸಿ, ಅವರ ವಿವರಗಳ ಬಳಕೆಗೆ ಹೆತ್ತವರ ಸಮ್ಮತಿ ಬೇಕೆನ್ನುತ್ತದೆ. ಕಾನೂನಿನ ಮಾತಿರಲಿ, ಪರರ ಮಕ್ಕಳ ಚಿತ್ರವನ್ನು ಕೇಳದೆ ಹಂಚದಿರುವುದು ಸಾಮಾನ್ಯ ಮರ್ಯಾದೆ.

7. ಯಂತ್ರವು ಮಾಡಲಾರದ ಕೆಲಸ

ತಂತ್ರಾಂಶವು ಎಷ್ಟು ಜಾಣನಾದರೂ ಅದು ಹೇಳುವುದು ‘ಈ ಮುಖವೂ ಆ ಮುಖವೂ ಒಂದೇ’ ಎಂದಷ್ಟೆ. ಅದು ಯಾರ ಮುಖವೆಂದು ಹೇಳಬಲ್ಲವರು ನಿಮ್ಮ ಮನೆಯ ಜಗಲಿಯಲ್ಲಿ ಕುಳಿತಿರುವ ಅಜ್ಜ ಅಜ್ಜಿಯರು. ಅವರಲ್ಲಿ ಕೇಳುವುದಕ್ಕೆ ಇರುವ ಕಾಲವು ದೀರ್ಘವಲ್ಲ. ಕಂಪ್ಯೂಟರು ಮುಂದಿನ ವರ್ಷವೂ ದೊರೆತೀತು. ಹೆಸರು ಬಲ್ಲವರು ದೊರೆಯುವರೆಂಬ ಭರವಸೆಯಿಲ್ಲ.

ಈಗ ನಮ್ಮ ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳು ಶನಿವಾರದಂದು ಹಳೆಯ ಪಟಗಳ ಅಚ್ಚುಪ್ರತಿಗಳನ್ನು ಮನೆಗೊಯ್ದು ಹಿರಿಯರಿಂದ ಹೆಸರುಗಳನ್ನು ಕೇಳಿ ಬರೆದು ತರುತ್ತಾರೆ. ಸೋಮವಾರ ಅವು ಚಿತ್ರಗಳ ಬೆನ್ನು ಸೇರುತ್ತವೆ. ಮೊದಲ ಹೆಸರಾಗಿ ಸೇರಿದುದು ಎರಡನೆಯ ಸಾಲಿನ ಆ ಅಧ್ಯಾಪಕರದು. ಅವರ ಚಿತ್ರವನ್ನು ದೊಡ್ಡದಾಗಿ ಅಚ್ಚುಹಾಕಿಸಿ, ಕಟ್ಟುಹಾಕಿಸಿ, ಆ ತಾಯಿಯ ಮನೆಗೆ ಒಯ್ದು ಕೊಟ್ಟೆವು. ಈ ಸಂಚಿಕೆಯ ಓದುಗರಲ್ಲಿ ಯಾರಾದರೂ ಉಳಿದ 15 ಮಂದಿಯನ್ನು ಬಲ್ಲವರಿದ್ದರೆ ಶಾಲೆಗೆ ಬಂದು ತಿಳಿಸಬೇಕಾಗಿ ವಿನಂತಿ.

ಅಭ್ಯಾಸ

1. ಫೋಲ್ಡರಿಗೂ ಟ್ಯಾಗ್‌ಗೂ ಇರುವ ಭೇದವನ್ನು ಒಂದು ಉದಾಹರಣೆಯೊಡನೆ ವಿವರಿಸಿರಿ.
2. ಪಿಕಾಸಾದಲ್ಲಿ ಅಡಿಬರಹಗಳು ಉಳಿದು ಮುಖಗಳ ಹೆಸರುಗಳು ನಷ್ಟವಾದುದಕ್ಕೆ ಕಾರಣವೇನು?
3. ನಿಮ್ಮ ಮನೆಯ ಮೊಬೈಲಿನಲ್ಲಿರುವ ಚಿತ್ರಗಳನ್ನು ಎಣಿಸಿ, ಒಂದಕ್ಕೆ 4 ಎಂ.ಬಿ.ಯಂತೆ ಎಷ್ಟು ಜಿ.ಬಿ. ಬೇಕೆಂದು ಲೆಕ್ಕಹಾಕಿರಿ.
4. ಮನೆಯ ಒಂದು ಹಳೆಯ ಪಟವನ್ನು ಹಿರಿಯರ ಮುಂದಿಟ್ಟು, ಅದರಲ್ಲಿರುವವರ ಹೆಸರು, ಸ್ಥಳ, ಸುಮಾರು ವರ್ಷಗಳನ್ನು ಇಂದೇ ಬರೆದುಕೊಳ್ಳಿರಿ.