ಸುತ್ತಿಗೆ ಆಮೇಲೆ: ತುಕ್ಕು ಹಿಡಿದ ಹಿಂದಿನ ಬ್ರೇಕಿಗೆ ಗೆಲ್ಲುವ ಸೂತ್ರಗಳು

ಮಂಗಳೂರು, ಉಡುಪಿ ಕಡೆ ಕಾರಿಗೆ ವಯಸ್ಸಾಗುವುದು ಅಡಿಯಿಂದ. ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ, ಉಪ್ಪುಗಾಳಿ, ಹೆದ್ದಾರಿ 66ರಲ್ಲಿ ಮೀನಿನ ಲಾರಿಗಳು ಚೆಲ್ಲಿಕೊಂಡು ಹೋಗುವ ನೀರು. ಜೂನ್‌ನಲ್ಲಿ ಹ್ಯಾಂಡ್‌ಬ್ರೇಕ್ ಎಳೆದಿಟ್ಟು ದುಬೈಗೆ ಹಾರಿದವರು ದೀಪಾವಳಿಗೆ ಬಂದು, ಪಕ್ಕದ ಮನೆಯವರ ಬ್ಯಾಟರಿಯಿಂದ ಎಂಜಿನ್ ಎಬ್ಬಿಸಿದರೂ ಕಾರು ಕದಲುವುದಿಲ್ಲ. ಆಲ್ಟೊ, ವ್ಯಾಗನ್ ಆರ್, ಹಳೆಯ ಸ್ಯಾಂಟ್ರೊದಂಥ, ಹಿಂದೆ ಡ್ರಮ್ ಬ್ರೇಕ್ ಇರುವ ಕಾರುಗಳಿಗೆ ಇದು ಮಾಮೂಲಿ ಕಾಯಿಲೆ. ಇಲ್ಲಿ ತೋಳ್ಬಲಕ್ಕಿಂತ ಕೆಲಸದ ಕ್ರಮ ಮುಖ್ಯ.

1. ಮೊದಲು ಅಂಗಡಿಗೆ ಹೋಗಿ. ತುಕ್ಕು ತಿಂದ ಬ್ರೇಕ್ ಬಿಚ್ಚಿದರೆ ಏನಾದರೊಂದು ಮುರಿಯುವುದು ಖಚಿತ. ಎರಡೂ ಬದಿಗೆ ಶೂ, ವೀಲ್ ಸಿಲಿಂಡರ್, ಸ್ಪ್ರಿಂಗ್ ಕಿಟ್, ಹ್ಯಾಂಡ್‌ಬ್ರೇಕ್ ಕೇಬಲ್ ತಂದಿಟ್ಟುಕೊಳ್ಳಿ. ಭಾನುವಾರ ಮಧ್ಯಾಹ್ನ ಗಾಳಿ ತೆಗೆಯುವ ನಿಪ್ಪಲ್ ಮುರಿದರೆ ಹೋಗುವುದೆಲ್ಲಿಗೆ?

2. ಹಿಂದಿನ ರಾತ್ರಿಯೇ ನಟ್, ಬೋಲ್ಟ್, ನಿಪ್ಪಲ್‌ಗಳಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ.

3. ಜಾಕನ್ನು ನಂಬಿ ಕೆಳಗೆ ನುಸುಳಬೇಡಿ. ಸಮತಟ್ಟು ನೆಲ, ಮುಂದಿನ ಚಕ್ರಗಳಿಗೆ ಅಡ್ಡಗಟ್ಟೆ, ಎರಡೂ ಬದಿಗೆ ಸ್ಟ್ಯಾಂಡ್. ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸಿ, ಮೊದಲ ಗೇರಿನಲ್ಲಿಡಿ. ಈ ಕಾರುಗಳ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನೇ.

4. ಡ್ರಮ್ ಬರಲಿಲ್ಲವೆಂದು ಅಂಚಿಗೆ ಬಡಿಯಬೇಡಿ, ಬೀಡುಕಬ್ಬಿಣ ಸಿಡಿಯುತ್ತದೆ. ಅನೇಕ ಡ್ರಮ್‌ಗಳ ಮುಖದಲ್ಲಿ ಮರೆ ಕೊರೆದ ಎರಡು ತೂತುಗಳಿರುತ್ತವೆ, ಅವು ಇರುವುದೇ ಇದಕ್ಕೆ. ಸಾಮಾನ್ಯವಾಗಿ 8 ಮಿ.ಮೀ. ಬೋಲ್ಟ್ ಕೂರುತ್ತದೆ. ಎರಡನ್ನೂ ಸರದಿಯಲ್ಲಿ ಅರ್ಧರ್ಧ ಸುತ್ತು ಬಿಗಿಯುತ್ತ, ನಡುವೆ ಹಬ್ಬಿನ ಸುತ್ತ ಮೆಲ್ಲಗೆ ತಟ್ಟಿ. ಸಡಿಲವಾಗಿಯೂ ಹೊರಬರದಿದ್ದರೆ ಒಳ ಅಂಚಿನ ತುಕ್ಕಿನ ದಂಡೆಗೆ ಶೂ ಸಿಕ್ಕಿಕೊಂಡಿದೆ ಎಂದರ್ಥ. ಹ್ಯಾಂಡ್‌ಬ್ರೇಕ್ ಲಿವರ್ ಬಳಿಯ ಕೇಬಲ್ ನಟ್ ಸಡಿಲಿಸಿ. ಹಿಂಬದಿ ತಟ್ಟೆಯಲ್ಲಿ ರಬ್ಬರ್ ಮುಚ್ಚಳದ ಕಿಂಡಿಯಿದ್ದರೆ ಅದರಿಂದ ಅಡ್ಜಸ್ಟರ್ ಹಿಂದಕ್ಕೆ ತಿರುಗಿಸಿ. ಬೇರಿಂಗ್ ಡ್ರಮ್‌ನೊಳಗೇ ಇರುವ ಮಾದರಿಯಾದರೆ ನಡುವಿನ ನಟ್ ಮೊದಲು ತೆಗೆಯಬೇಕು. ಅದರ ಹಳೆಯ ಸ್ಪ್ಲಿಟ್ ಪಿನ್ ಮತ್ತೆ ಹಾಕಬೇಡಿ.

5. ಧೂಳನ್ನು ಊದಬೇಡಿ. ಹಳೆಯ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಮಾಸ್ಕ್ ಹಾಕಿ, ಬ್ರೇಕ್ ಕ್ಲೀನರ್‌ನಿಂದ ತೋಯಿಸಿ ಒರೆಸಿ.

6. ಒಂದು ಬದಿ ಮುಗಿಯುವ ತನಕ ಇನ್ನೊಂದನ್ನು ಮುಟ್ಟಬೇಡಿ. ಯಾವ ಸ್ಪ್ರಿಂಗ್ ಎಲ್ಲಿ ಎಂಬುದನ್ನು ಮೊಬೈಲ್ ಫೋಟೊಗಿಂತ ಚೆನ್ನಾಗಿ ಆ ಬದಿ ಹೇಳುತ್ತದೆ. ಹ್ಯಾಂಡ್‌ಬ್ರೇಕಿನ ಸಣ್ಣ ಲಿವರ್ ಹಿಂದಿನ ಶೂಗೆ ಅಂಟಿಕೊಂಡಿರುತ್ತದೆ, ಹೊಸದಕ್ಕೆ ದಾಟಿಸಲು ಮರೆಯಬೇಡಿ.

7. ವೀಲ್ ಸಿಲಿಂಡರಿಗೆ ಬರುವ ಬ್ರೇಕ್ ಪೈಪಿನ ನಟ್ಟೇ ನಿಜವಾದ ಪರೀಕ್ಷೆ. ಸಾದಾ ಸ್ಪ್ಯಾನರ್ ಅದರ ಮೂಲೆ ಸವೆಸುತ್ತದೆ. ಫ್ಲೇರ್ ನಟ್ ಸ್ಪ್ಯಾನರ್ ಬಳಸಿ, ಮೊದಲು ಕೂದಲೆಳೆಯಷ್ಟು ಬಿಗಿದು ಆಮೇಲೆ ಸಡಿಲಿಸಿ. ನಟ್ ಜತೆ ಪೈಪೂ ತಿರುಚಿಕೊಂಡರೆ ಅಲ್ಲಿಗೇ ನಿಲ್ಲಿಸಿ. ಬಾಗಿದ ಅಥವಾ ತುಕ್ಕಿನಿಂದ ಹೊಪ್ಪಳಿಸಿದ ಪೈಪ್ ಬದಲಿಸಲೇಬೇಕು, ತುದಿ ಅರಳಿಸುವ ಕೆಲಸ ಬಲ್ಲವರಿಂದಲೇ ಆಗಲಿ. ನಿಪ್ಪಲ್ ಮುರಿದರೆ ಕೊರಗಬೇಡಿ. ಹೊಸ ಸಿಲಿಂಡರ್ ಜತೆ ಸಾಮಾನ್ಯವಾಗಿ ಹೊಸ ನಿಪ್ಪಲ್ಲೂ ಬರುತ್ತದೆ.

8. ಹಿಂಬದಿ ತಟ್ಟೆಯನ್ನು ತಂತಿಬ್ರಷ್‌ನಿಂದ ಉಜ್ಜಿ, ಶೂ ಉಜ್ಜಾಡುವ ಉಬ್ಬುಗಳಿಗೆ ಮಾತ್ರ ಬ್ರೇಕ್ ಗ್ರೀಸ್ ಸವರಿ. ಲೈನಿಂಗ್‌ಗೆ ತಾಗಿದರೆ ದಂಡ. ಡ್ರಮ್ ಮೇಲೆ ಅಚ್ಚಾಗಿರುವ ಗರಿಷ್ಠ ಒಳವ್ಯಾಸ ಮೀರಿ ಸವೆದಿದ್ದರೆ ಅದು ಗುಜರಿಗೆ.

9. ಮೊದಲು ಶೂ ಹೊಂದಾಣಿಕೆ, ಕೊನೆಗೆ ಕೇಬಲ್. ಗ್ಯಾರೇಜುಗಳಲ್ಲಿ ಇದನ್ನೇ ತಲೆಕೆಳಗು ಮಾಡುವುದು ಹೆಚ್ಚು: ಕೇಬಲ್ ಎಳೆದು ಬಿಗಿದು ‘ಹ್ಯಾಂಡ್‌ಬ್ರೇಕ್ ಸರಿಯಾಯ್ತು ಸಾರ್’ ಎನ್ನುತ್ತಾರೆ. ಬಿಗಿದ ಕೇಬಲ್ ಒಳಗಿನ ಲಿವರನ್ನು ಎತ್ತಿಯೇ ಹಿಡಿಯುವುದರಿಂದ ತಾನಾಗಿ ಹೊಂದಿಕೊಳ್ಳುವ ಅಡ್ಜಸ್ಟರ್ ಕೆಲಸ ಮಾಡದು, ಶೂ ಉಜ್ಜಿಕೊಂಡೇ ಕಾರು ಓಡುತ್ತದೆ. ಹೊದಿಕೆ ಸೀಳಿ ನೀರು ಕುಡಿದ ಕೇಬಲ್‌ಗೆ ಎಣ್ಣೆ ಬಿಟ್ಟು ಉಪಯೋಗವಿಲ್ಲ, ಬದಲಿಸಿ. ಲಿವರ್ ಎಷ್ಟು ‘ಕಟಕ್’ ಅನ್ನಬೇಕೆಂಬುದು ಕಾರಿನ ಕೈಪಿಡಿಯಲ್ಲಿದೆ.

10. ಎಂಜಿನ್ ಕೋಣೆಯ ಫ್ಲೂಯಿಡ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಬ್ರೇಕ್ ಫ್ಲೂಯಿಡನ್ನೇ, ಹೊಸ ಸೀಲ್ ಒಡೆದು ಹಾಕಿ. ಇದು ಗಾಳಿಯ ತೇವ ಹೀರುತ್ತದೆ: ಡಾಟ್ 3ರ ಕುದಿಬಿಂದು ಹೊಸದರಲ್ಲಿ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು, ತೇವ ಹೀರಿದ ಮೇಲಿನ ಮಿತಿ 140 ಮಾತ್ರ. ಕರಾವಳಿಯ ಮಳೆಗಾಲದಲ್ಲಿ ಅರ್ಧ ಉಳಿದ ಡಬ್ಬಿಗೆ ಬೆಲೆಯಿಲ್ಲ. ಗಾಳಿ ತೆಗೆಯುವಾಗ ಮೇಲಿನ ಡಬ್ಬಿ ಬರಿದಾಗದಿರಲಿ. ಬಣ್ಣದ ಮೇಲೆ ಬಿದ್ದರೆ ಕೂಡಲೇ ನೀರು ಸುರಿಯಿರಿ.

11. ಪೆಡಲ್ ಗಟ್ಟಿಯಾಗುವವರೆಗೆ ತುಳಿಯದೆ ಕಾರು ಅಲ್ಲಾಡಿಸಬೇಡಿ. ಖಾಲಿ ಮೈದಾನದಲ್ಲಿ ನಿಧಾನಕ್ಕೆ ಓಡಿಸಿ, ಇಳಿದು ಎರಡೂ ಹಿಂಚಕ್ರಗಳ ಬಳಿ ಎಚ್ಚರದಿಂದ ಕೈ ಹಿಡಿದು ನೋಡಿ. ಒಂದೇ ಬದಿ ಬಿಸಿಯಾಗಿದ್ದರೆ ಅಲ್ಲಿ ಶೂ ಹಿಡಿಯುತ್ತಿದೆ. ಇಷ್ಟಾದ ಮೇಲೆ ಚಾರ್ಮಾಡಿ ಘಾಟಿ.

12. ಮುಂದಿನ ಜೂನ್‌ನಲ್ಲಿ ಊರು ಬಿಡುವಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಸಮತಟ್ಟಾದ ಕಡೆ ಗೇರಿನಲ್ಲಿಟ್ಟು, ಚಕ್ರಗಳಿಗೆ ಹಿಂದೆಮುಂದೆ ಕಲ್ಲು ಕೊಡಿ. ಮನೆಯಲ್ಲಿ ಉಳಿದವರಲ್ಲಿ ಡ್ರೈವಿಂಗ್ ಬಲ್ಲವರಿಗೆ ಕೀ ಕೊಟ್ಟು, ವಾರಕ್ಕೊಮ್ಮೆ ಅಂಗಳದಲ್ಲೇ ನಾಲ್ಕು ಮಾರು ಓಡಿಸಲು ಹೇಳಿ. ಕಲ್ಲು ತೆಗೆಯುವುದನ್ನೂ ನೆನಪಿಸಿ.